ರೈಟ್ ಹಾಫ್‌ನಿಂದ ಕ್ಯಾಶ್ ಕೌಂಟರ್‌ಗೆ

2010ರ ಜುಲೈ. ಬೆಂಗಳೂರಿನ ಶಾಂತಿನಗರದ ಹಾಕಿ ಸ್ಟೇಡಿಯಂನಲ್ಲಿ ಬೆಳಗಿನ ಪ್ರಾಕ್ಟೀಸ್ ಮುಗಿಸಿ ಶೂ ಬಿಚ್ಚುತ್ತಾ ಕೂತಿದ್ದೆ. ಮುಂದಿನ ಟೂರ್ನಿಗೆ ಹೋಗುವವರ ಪಟ್ಟಿಯನ್ನು ಮ್ಯಾನೇಜರ್ ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಅಂಟಿಸಿ ಹೋಗಿದ್ದರು. ಹದಿನೆಂಟು ಹೆಸರು. ಮೇಲಿಂದ ಕೆಳಕ್ಕೆ ಓದಿದೆ, ಆಮೇಲೆ ಕೆಳಗಿಂದ ಮೇಲಕ್ಕೆ ಓದಿದೆ. ಹನ್ನೆರಡು ವರ್ಷ ಆಡಿದ ನಮ್ಮ ಬ್ಯಾಂಕಿನ ತಂಡದಲ್ಲಿ ನನ್ನ ಹೆಸರಿಲ್ಲ. ಯಾರೂ ಏನೂ ಹೇಳಲಿಲ್ಲ. ಜೊತೆಗಿದ್ದ ಹುಡುಗರು ನನ್ನ ಕಣ್ಣು ತಪ್ಪಿಸಿ ಕಿಟ್ ಬ್ಯಾಗ್ ತುಂಬಿಸುತ್ತಿದ್ದರು. ಗೋಲ್‌ಕೀಪರ್ ಒಬ್ಬ ಮಾತ್ರ, ‘ಅಣ್ಣ, ಟೀ ಕುಡಿಯೋಣ ಬಾ’ ಅಂದ. ಅದೇ ನನ್ನ ಬೀಳ್ಕೊಡುಗೆ ಸಮಾರಂಭ.

ನಿಜ ಹೇಳಬೇಕೆಂದರೆ ಪಟ್ಟಿಗಿಂತ ಒಂದೂವರೆ ವರ್ಷ ಮೊದಲೇ ನನಗೆ ಗೊತ್ತಾಗಿತ್ತು. ನಾನು ರೈಟ್ ಹಾಫ್. ಎದುರಾಳಿಯ ಲೆಫ್ಟ್ ವಿಂಗರ್ ಚೆಂಡು ತಂದಾಗ ಅವನನ್ನು ಸೈಡ್‌ಲೈನ್ ಕಡೆಗೆ, ಅಂದರೆ ನನ್ನ ಫೋರ್‌ಹ್ಯಾಂಡ್ ಕಡೆಗೆ ದೂಡಿಕೊಂಡು ಹೋಗಿ ಅಲ್ಲಿ ಚೆಂಡು ಕಸಿಯುವುದು ನನ್ನ ಕೆಲಸ. ಕಾಲು ಸೋಲತೊಡಗಿದಾಗ ಆಟಗಾರ ಮೊದಲು ಮಾಡುವುದು ಎರಡು ಮೀಟರ್ ಹಿಂದೆ ಸರಿದು ನಿಲ್ಲುವುದು. ನೋಡಿದವರು ಅದಕ್ಕೆ ‘ಅನುಭವ’ ಅನ್ನುತ್ತಾರೆ. ಅದು ಅನುಭವ ಅಲ್ಲ, ಹೆದರಿಕೆ. ಇಪ್ಪತ್ತರ ಹುಡುಗ ಒಳಗೆ ನುಗ್ಗಿಬಿಟ್ಟರೆ ಹಿಡಿಯಲಾರೆ ಎಂಬ ಲೆಕ್ಕ. ಆಮೇಲೆ ಸ್ಟಿಕ್ ಬದಲು ಭುಜ ಬಳಸಲು ಶುರುವಾಗುತ್ತದೆ. ಅಂಪೈರ್ ಎಚ್ಚರಿಕೆಗೆ ತೋರಿಸುವ ಗ್ರೀನ್ ಕಾರ್ಡ್ ಹೆಚ್ಚುತ್ತವೆ. ಮ್ಯಾಚ್ ಮುಗಿದ ರಾತ್ರಿ ಸೊಂಟಕ್ಕೆ ಬಿಸಿನೀರಿನ ಚೀಲ ಬೇಕಾಗುತ್ತದೆ. ಸದಾ ಅರ್ಧ ಬಗ್ಗಿಯೇ ಓಡುವ ಆಟ ಇದು. ನನ್ನ ಬೆನ್ನಿನ ಎಕ್ಸ್‌ರೇ ನೋಡಿದ ಡಾಕ್ಟರು ನನ್ನ ವಯಸ್ಸನ್ನು ಎರಡು ಸಲ ಕೇಳಿದ್ದರು.

ಹಿಂದಿನದನ್ನು ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮೂರು ವಿರಾಜಪೇಟೆ ಹತ್ತಿರ. ಕೊಡಗಿನಲ್ಲಿ ಹುಡುಗ ಹಾಕಿ ಆಡುತ್ತಾನೆ ಎಂದರೆ ಮನೆಯಲ್ಲಿ ಯಾರೂ ಯಾಕೆ ಅಂತ ಕೇಳುವುದಿಲ್ಲ, ಯಾವ ಪೊಸಿಷನ್ ಅಂತ ಕೇಳುತ್ತಾರೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಭಾರತಕ್ಕೆ ಆಡಿದ ನಮ್ಮ ಕೊಡಗಿನ ಇವರ ಹೆಸರು ಕೇಳಿಕೊಂಡೇ ಬೆಳೆದವರು ನಾವು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ ಅರವತ್ತು ಕುಟುಂಬ ಸೇರಿದ್ದವು. ನಮ್ಮ ಒಕ್ಕದ, ಅಂದರೆ ಮನೆತನದ, ತಂಡದಲ್ಲಿ ನಾನೂ ಇದ್ದೆ, ಐವತ್ತು ದಾಟಿದ ನನ್ನ ದೊಡ್ಡಪ್ಪನೂ ಇದ್ದರು. ಮರುವರ್ಷ ಒಂದು ಸರ್ಕಾರಿ ಬ್ಯಾಂಕು ಕ್ರೀಡಾ ಕೋಟಾದಲ್ಲಿ ನನ್ನನ್ನು ಗುಮಾಸ್ತನಾಗಿ ತೆಗೆದುಕೊಂಡಿತು. ಆಗ ನನಗೆ ಇಪ್ಪತ್ತೊಂದು.

ಗುಮಾಸ್ತ ಎಂಬುದು ಕಾಗದದ ಮೇಲೆ. ಬೆಳಿಗ್ಗೆ ಪ್ರಾಕ್ಟೀಸ್, ಹತ್ತೂವರೆಗೆ ಬ್ಯಾಂಕಿಗೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ, ಕ್ಯಾಂಟೀನಿನಲ್ಲಿ ಇಡ್ಲಿ, ಮಧ್ಯಾಹ್ನ ಮತ್ತೆ ಮೈದಾನ. ವರ್ಷದ ಅರ್ಧ ದಿನ ಊರೂರು: ಕೋಲ್ಕತ್ತಾದ ಬೇಟನ್ ಕಪ್, ಮುಂಬೈನ ಗೋಲ್ಡ್ ಕಪ್, ಭೋಪಾಲದ ಔಬೇದುಲ್ಲಾ ಕಪ್, ಚೆನ್ನೈನ ಮುರುಗಪ್ಪ. ಅದಕ್ಕೆಲ್ಲ ವಿಶೇಷ ರಜೆ. ಒಮ್ಮೆ ರಾಷ್ಟ್ರೀಯ ಶಿಬಿರಕ್ಕೂ ಕರೆ ಬಂತು. ಕೊನೆಯ ಪಟ್ಟಿಯಲ್ಲಿ ಉಳಿಯಲಿಲ್ಲ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾದಾಗ ನಾಲ್ಕು ಕ್ವಾರ್ಟರಿನ ಆಟ, ರಾತ್ರಿಯ ದೀಪ, ಟಿವಿ ಕ್ಯಾಮೆರಾ ಎಲ್ಲ ನೋಡಿ ಇನ್ನು ನಮ್ಮ ಕಾಲ ಬಂತು ಅಂದುಕೊಂಡೆವು. ಮೂರು ವರ್ಷದಲ್ಲಿ ಆ ಲೀಗೇ ನಿಂತುಹೋಯಿತು. 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಬ್ರಿಟನ್ ಕೈಲಿ ಸೋತು ಭಾರತ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಕಳೆದುಕೊಂಡಿತು, 1928ರಿಂದ ಈಚೆಗೆ ಮೊದಲ ಸಲ. ಆವತ್ತು ಕ್ಯಾಂಟೀನಿನಲ್ಲಿ ನನಗೆ ಸಿಕ್ಕ ಮಾತುಗಳನ್ನು ಇಲ್ಲಿ ಬರೆಯಲಾರೆ. ನಾನೇ ಪೆನಾಲ್ಟಿ ಕಾರ್ನರ್ ತಪ್ಪಿಸಿದೆ ಅನ್ನೋ ಹಾಗೆ.

ಪಟ್ಟಿಯಿಂದ ಹೆಸರು ಬಿಟ್ಟ ಮೂರನೇ ವಾರ ಒಂದು ಪತ್ರ ಬಂತು. ಜಯನಗರದ ಕಡೆಯ ಒಂದು ಶಾಖೆಗೆ ವರ್ಗ. ಹೋದ ದಿನ ಮ್ಯಾನೇಜರ್ ಕೇಳಿದರು, ‘ಏನೇನು ಕೆಲಸ ಗೊತ್ತು ನಿಮಗೆ?’ ನಾನು ಹನ್ನೆರಡು ವರ್ಷದ ಸೀನಿಯರ್ ಗುಮಾಸ್ತ. ಡಿಡಿ ಬರೆಯಲು ಬರುವುದಿಲ್ಲ, ಕಂಪ್ಯೂಟರಿನಲ್ಲಿ ಒಂದು ಎಂಟ್ರಿ ಹಾಕಲು ಬರುವುದಿಲ್ಲ. ಅವರು ಬೈಯಲಿಲ್ಲ, ನಿಟ್ಟುಸಿರು ಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಕ್ಯಾಶ್ ಕೌಂಟರಿನಲ್ಲಿ ಕೂರಿಸಿದರು. ತಿಂಗಳ ಮೊದಲ ದಿನ, ಪಿಂಚಣಿ ತೆಗೆಯಲು ಬಂದ ಹಿರಿಯರ ಸಾಲು ಬಾಗಿಲ ತನಕ. ಗಾಜಿನ ಆಚೆಯಿಂದ ಒಬ್ಬ ಅಜ್ಜಿ, ‘ಬೇಗ ಕೊಡಪ್ಪ, ಬಸ್ಸು ಹೋಗುತ್ತೆ’ ಎನ್ನುತ್ತಿದ್ದಾರೆ. ನನ್ನ ಬೆರಳುಗಳಿಗೆ ನೋಟು ಎಣಿಸುವುದು ಗೊತ್ತಿಲ್ಲ. ಸ್ಟಿಕ್ ಹಿಡಿದು ಹಿಡಿದು ಅಂಗೈಯೆಲ್ಲ ಗಂಟು, ನೋಟು ಜಾರುತ್ತದೆ. ಸಂಜೆ ಲೆಕ್ಕ ಮಾಡಿದರೆ ನಾಲ್ಕೂವರೆ ಸಾವಿರ ಕಡಿಮೆ. ಕ್ಯಾಶ್ ಕಡಿಮೆ ಬಿದ್ದರೆ ಕ್ಯಾಷಿಯರ್ ತನ್ನ ಕೈಯಿಂದ ಕಟ್ಟಬೇಕು, ಅದು ನಿಯಮ. ಕಟ್ಟಿದೆ. ಆ ತಿಂಗಳು ಎರಡು ಸಲ ಕಟ್ಟಿದೆ. ಮನೆಯಲ್ಲಿ ಹೇಳಲಿಲ್ಲ.

ನನ್ನನ್ನು ಉಳಿಸಿದ್ದು ಪಕ್ಕದ ಕೌಂಟರಿನ ಹುಡುಗಿ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು ಅಷ್ಟೆ. ‘ಸರ್, ನೀವು ಎಣಿಸುವಾಗ ಜನರ ಮುಖ ನೋಡ್ತೀರಿ. ನೋಡಬೇಡಿ. ನೂರು ಮುಗಿಯೋ ತನಕ ಯಾರು ಕರೆದರೂ ತಲೆ ಎತ್ತಬೇಡಿ’ ಅಂದಳು. ನಮ್ಮ ಹಳೆಯ ಕೋಚ್ ಟ್ರ್ಯಾಪಿಂಗ್ ಬಗ್ಗೆ ಹೇಳುತ್ತಿದ್ದ ಮಾತೇ ಇದು: ಚೆಂಡು ಸ್ಟಿಕ್ಕಿಗೆ ಬಂದು ನಿಲ್ಲುವ ತನಕ ತಲೆ ಎತ್ತಬೇಡ. ಆವತ್ತಿನಿಂದ ಮನೆಯಲ್ಲಿ ರಾತ್ರಿ ಊಟ ಆದ ಮೇಲೆ ಹಳೆಯ ಚಲನ್ ಕಾಗದಗಳನ್ನು ನೋಟಿನ ಅಳತೆಗೆ ಕತ್ತರಿಸಿಕೊಂಡು ನೂರು ನೂರರ ಕಟ್ಟು ಎಣಿಸುತ್ತಿದ್ದೆ. ಹೆಂಡತಿ ನಗುತ್ತಿದ್ದಳು. ದಿನಕ್ಕೆ ಐನೂರು ಸಲ ಗೋಡೆಗೆ ಚೆಂಡು ಹೊಡೆದು ಬೆಳೆದವನಿಗೆ ಇದೇನು ದೊಡ್ಡದಲ್ಲ. ಮೂರು ತಿಂಗಳಲ್ಲಿ ಕೈ ಕೂತಿತು.

ಸಹೋದ್ಯೋಗಿಗಳ ಸಿಟ್ಟು ಇಷ್ಟು ಬೇಗ ಹೋಗಲಿಲ್ಲ. ‘ಹನ್ನೆರಡು ವರ್ಷ ಬಿಟ್ಟಿ ಸಂಬಳ’ ಅನ್ನುವ ಮಾತು ಬೆನ್ನ ಹಿಂದೆ ಕೇಳುತ್ತಿತ್ತು. ನನಗೆ ಮೊದಮೊದಲು ಉರಿಯುತ್ತಿತ್ತು. ಬ್ಯಾಂಕಿನ ಹೆಸರಿನ ಜೆರ್ಸಿ ಹಾಕಿ ಕಾಲು ಮುರಿದುಕೊಂಡವನು ನಾನು. ಆದರೆ ತಿಂಗಳ ಕೊನೆಯಲ್ಲಿ ರಾತ್ರಿ ಎಂಟರ ತನಕ ಕೂತು ಲೆಕ್ಕ ಹೊಂದಿಸುವವರನ್ನು ಪಕ್ಕದಲ್ಲಿ ಕೂತು ನೋಡಿದ ಮೇಲೆ ಅವರ ಕಡೆಯ ಮಾತೂ ಅರ್ಥವಾಯಿತು. ಆ ಬಾಯಿಗಳನ್ನು ಮುಚ್ಚಿಸಿದ್ದು ಬ್ಯಾಂಕ್ ನೌಕರರು ಬರೆಯುವ ಜೆಎಐಐಬಿ ಪರೀಕ್ಷೆ. ಆಗ ಮೂರು ಪೇಪರು, ಪಾಸಾದರೆ ಒಂದು ಇನ್‌ಕ್ರಿಮೆಂಟ್. ಅಕೌಂಟ್ಸ್ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದು 2012ರಲ್ಲಿ ದಾಟಿದೆ. ಆವತ್ತು ಶಾಖೆಗೆಲ್ಲ ಮೈಸೂರು ಪಾಕ್ ಹಂಚಿದ್ದೇನೆ. ಬೇಟನ್ ಕಪ್‌ನಲ್ಲಿ ಸೆಮಿಫೈನಲ್ ಗೆದ್ದಾಗಲೂ ಹಂಚಿರಲಿಲ್ಲ. ನಾಲ್ಕು ವರ್ಷದ ಮೇಲೆ ಆಫೀಸರ್ ಆದೆ.

ದೇಹದ ಕತೆ ಬೇರೆ. ಇದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಎರಡು ಹೊತ್ತು ಓಡುವವನ ಹಸಿವು ಓಟ ನಿಂತರೂ ನಿಲ್ಲುವುದಿಲ್ಲ. ಅದೇ ಮೂರು ಬಟ್ಟಲು ಅನ್ನ, ಭಾನುವಾರ ಅದೇ ಪಂದಿ ಕರಿ, ಕಡಂಬುಟ್ಟು. ಹದಿನೆಂಟು ತಿಂಗಳಲ್ಲಿ ಅರವತ್ತೆಂಟು ಕೆ.ಜಿ. ಎಂಬತ್ನಾಲ್ಕಾಯಿತು. ಬೆಳಿಗ್ಗೆ ಐದೂವರೆಗೆ ತಾನಾಗಿ ಎಚ್ಚರವಾಗುತ್ತದೆ, ಎದ್ದು ಹೋಗಲು ಜಾಗವಿಲ್ಲ. ಆ ಒಂದು ಗಂಟೆ ದಿನದಲ್ಲೇ ಅತಿ ಉದ್ದದ್ದು. ನನ್ನ ಜೊತೆಯವರಲ್ಲಿ ಕೆಲವರು ಆ ಹೊತ್ತನ್ನು ದಾಟಲು ಹಿಂದಿನ ರಾತ್ರಿಯೇ ಗ್ಲಾಸ್ ಹಿಡಿದರು. ಇಬ್ಬರು ಈಗ ಇಲ್ಲ. ಅದರ ಬಗ್ಗೆ ಇಷ್ಟೇ ಸಾಕು.

ನನಗೆ ಆ ಗಂಟೆ ತುಂಬಿಸಿದ್ದು ವಿಸಿಲ್. ಜೀವನವಿಡೀ ಅಂಪೈರ್‌ಗಳ ಜೊತೆ ಜಗಳ ಆಡಿದವನು ನಾನು, ಅಂಪೈರಿಂಗ್ ಪರೀಕ್ಷೆಗೆ ಕೂತೆ. ನಿಯಮ ಪುಸ್ತಕವನ್ನು ಮೊದಲ ಸಲ ಪೂರ್ತಿ ಓದಿದ್ದು ಆಗಲೇ. ಇಷ್ಟು ವರ್ಷ ಆಡಿಯೂ ನನಗೆ ಗೊತ್ತಿಲ್ಲದ ನಿಯಮಗಳಿದ್ದವು ಅಂದರೆ ನಗಬೇಡಿ, ನಿಮ್ಮ ಪರಿಚಯದ ಯಾವ ಆಟಗಾರನನ್ನು ಕೇಳಿದರೂ ಇದೇ ಕತೆ. ಬೆಂಗಳೂರಿನ ಲೀಗ್ ಮ್ಯಾಚುಗಳಲ್ಲಿ ಶುರು ಮಾಡಿದೆ. ಅಂಪೈರ್ ಓಡಬೇಕು, ಅದಕ್ಕೂ ಫಿಟ್‌ನೆಸ್ ಪರೀಕ್ಷೆ ಇದೆ. ಹೊಟ್ಟೆ ಇಳಿದದ್ದು ಅದರಿಂದ, ಡಾಕ್ಟರ್ ಬೈಗುಳದಿಂದಲ್ಲ. ದುಡ್ಡು ಹೇಳಿಕೊಳ್ಳುವಷ್ಟಿಲ್ಲ, ಭತ್ಯೆ ಪೆಟ್ರೋಲಿಗೆ, ತಿಂಡಿಗೆ ಸರಿಹೋಗುತ್ತದೆ. ಅಂತರರಾಷ್ಟ್ರೀಯ ಮಟ್ಟಕ್ಕೆ ಹೋಗಬೇಕಾದರೆ ಚಿಕ್ಕ ವಯಸ್ಸಿನಲ್ಲೇ ಶುರು ಮಾಡಬೇಕು. ನಮ್ಮ ರಾಜ್ಯದ ರಘುಪ್ರಸಾದ್ ಒಲಿಂಪಿಕ್ಸ್‌ಗಳಲ್ಲಿ ವಿಸಿಲ್ ಊದಿದವರು. ಮೂವತ್ತೈದಕ್ಕೆ ವಿಸಿಲ್ ಹಿಡಿದ ನನ್ನಂಥವನಿಗೆ ಆ ಬಾಗಿಲು ಆಗಲೇ ಮುಚ್ಚಿತ್ತು.

ಕೋಚಿಂಗ್‌ಗೂ ಕೈ ಹಾಕಿದೆ. ಒಂದು ಶಾಲೆಯಲ್ಲಿ ಶನಿವಾರ, ಭಾನುವಾರ. ಚೆನ್ನಾಗಿ ಆಡಿದವನು ಚೆನ್ನಾಗಿ ಕಲಿಸುತ್ತಾನೆ ಎಂದುಕೊಂಡಿದ್ದೆ. ಮೊದಲ ಆರು ತಿಂಗಳು ಮಕ್ಕಳಿಗೆ ನಾನೇ ಟ್ಯಾಕಲ್ ಮಾಡಿ ತೋರಿಸುತ್ತಿದ್ದೆ, ಅವರು ಬಾಯಿ ಬಿಟ್ಟು ನೋಡುತ್ತಿದ್ದರು, ಅವರ ಕೈಯಲ್ಲಿ ಮಾತ್ರ ಆಗುತ್ತಿರಲಿಲ್ಲ. ‘ಸರ್, ಕಾಲು ಯಾವುದು ಮುಂದೆ?’ ಅಂತ ಒಬ್ಬಳು ಕೇಳಿದಳು. ನನಗೆ ಗೊತ್ತಿರಲಿಲ್ಲ! ಹದಿನೆಂಟು ವರ್ಷ ಮಾಡಿದ ಕೆಲಸದಲ್ಲಿ ಯಾವ ಕಾಲು ಮುಂದಿಡುತ್ತೇನೆ ಎಂದು ಮೊಬೈಲಿನಲ್ಲಿ ವಿಡಿಯೋ ಮಾಡಿಸಿ ನೋಡಿದೆ. ಎಡಗಾಲು. ಆಮೇಲೆ ಬ್ಯಾಂಕಿಗೆ ರಜೆ ಹಾಕಿ, ಕೋಚ್‌ಗಳನ್ನು ತಯಾರು ಮಾಡುವ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿಕೊಂಡೆ. ಆ ಕಾಗದ ಇಲ್ಲದಿದ್ದರೆ ಶಾಲೆಗಳು ಮಾತಾಡಿಸುವುದೂ ಇಲ್ಲ, ನೀವು ಎಷ್ಟೇ ಕಪ್ ಗೆದ್ದಿರಿ.

ದೊಡ್ಡವರ ದಾರಿ ನಮಗೆ ಅಳತೆಗೋಲಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಭಾರತದ ನಾಯಕರಾಗಿದ್ದ ಜೂಡ್ ಫೆಲಿಕ್ಸ್ 2009ರಲ್ಲಿ ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿದರು, 2020ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಗೋಲ್‌ಕೀಪರ್ ಆಶಿಶ್ ಬಲ್ಲಾಳರದೂ ಅಕಾಡೆಮಿ ಇದೆ. ಅವರ ಹೆಸರಿಗೆ ಮಕ್ಕಳು ಬರುತ್ತಾರೆ. ಕೇಂದ್ರ ಸರ್ಕಾರದ ಕ್ರೀಡಾ ಪಿಂಚಣಿ ಇದೆಯಲ್ಲ ಎನ್ನುತ್ತಾರೆ ಕೆಲವರು. ಅದು ಒಲಿಂಪಿಕ್ಸ್, ಏಷ್ಯನ್ ಗೇಮ್ಸ್‌ನಂಥ ಕಡೆ ಪದಕ ಗೆದ್ದವರಿಗೆ. ದೇಶದ ತುಂಬ ಟೂರ್ನಿ ಆಡಿ ಮುಗಿಸಿದ ನೂರಾರು ಜನ ಆ ಗೆರೆಯ ಕೆಳಗೇ ಉಳಿಯುತ್ತೇವೆ.

ದುಡ್ಡಿನ ವಿಷಯದಲ್ಲಿ ನಾನು ಮಾಡಿದ ಪೆದ್ದುತನ ಒಂದಿದೆ. ಬೆಂಗಳೂರು ಸಾಕು, ಊರಿಗೆ ಹೋಗಿ ಹೋಂಸ್ಟೇ ಮಾಡುತ್ತೇನೆ ಅಂತ ಪಿಎಫ್ ಮೇಲೆ ಸಾಲ ತೆಗೆದು ತೋಟದ ಮನೆಗೆ ಎರಡು ಕೋಣೆ ಕಟ್ಟಿಸಿದೆ. ತಮ್ಮ ಮೊದಲೇ ಹೇಳಿದ್ದ, ‘ಅಣ್ಣ, ಡಿಸೆಂಬರ್‌ನಿಂದ ಫೆಬ್ರವರಿ ಕಾಫಿ ಕುಯ್ಲು, ಗೆಸ್ಟ್ ಬರೋದೂ ಆಗಲೇ. ಯಾರು ನೋಡ್ಕೊಳ್ತಾರೆ?’ ಕೇಳಲಿಲ್ಲ. 2018ರ ಆಗಸ್ಟ್ ಮಳೆಯಲ್ಲಿ ಕೊಡಗಿನ ಬೆಟ್ಟಗಳು ಜಾರಿದವು. ನಮ್ಮ ತೋಟಕ್ಕೆ ಏನೂ ಆಗಲಿಲ್ಲ, ಆದರೆ ಆ ವರ್ಷ ಅತಿಥಿಗಳು ಯಾರೂ ಬರಲಿಲ್ಲ. ಸಾಲ ತೀರಿದ್ದು ರೋಬಸ್ಟಾ ಮತ್ತು ಕರಿಮೆಣಸಿನಿಂದ, ಅಂದರೆ ತಮ್ಮನ ಬೆವರಿನಿಂದ. ಆ ಕೋಣೆಗಳಲ್ಲಿ ಈಗ ಗೊಬ್ಬರದ ಚೀಲ ಇದೆ.

2024ರಲ್ಲಿ ಅದೇ ಕೊಡವ ಕುಟುಂಬ ಹಾಕಿ ನಾಪೋಕ್ಲುವಿನಲ್ಲಿ ನಡೆಯಿತು. ಆ ವರ್ಷದ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬಗಳ ತಂಡಗಳು ಬಂದಿದ್ದವು. ಹತ್ತು ದಿನ ರಜೆ ಹಾಕಿ ಅಲ್ಲಿ ವಿಸಿಲ್ ಊದಿದೆ. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವ ಹಬ್ಬ ಅದು. ಎಪ್ಪತ್ತರ ಅಜ್ಜನಿಗೆ ಚೆಂಡು ಕಾಲಿಗೆ ತಾಗಿತು ಅಂತ ಫೌಲ್ ಕೊಟ್ಟರೆ ಅವರ ಇಡೀ ಒಕ್ಕ ಗ್ಯಾಲರಿಯಿಂದ ನನ್ನನ್ನು ವಿಚಾರಿಸಿಕೊಳ್ಳುತ್ತದೆ. ಸಂಜೆ ಅದೇ ಅಜ್ಜ ಬಂದು, ‘ನೀನು ಕೊಟ್ಟದ್ದು ಸರಿ ಮಾರಾಯ, ಮನೆಯವರಿಗೆ ಹೇಳ್ಬೇಡ’ ಅಂದರು.

ನಮ್ಮ ಬ್ಯಾಂಕಿಗೆ ಈಗಲೂ ಒಂದು ತಂಡ ಇದೆ, ಮೊದಲಿನಷ್ಟು ದೊಡ್ಡದಲ್ಲ. ಆ ಹುಡುಗರಲ್ಲಿ ಒಬ್ಬನನ್ನು ನನ್ನ ಶಾಖೆಗೆ ಹಾಕಿದ್ದಾರೆ. ಇಪ್ಪತ್ಮೂರು ವರ್ಷ, ಲೆಫ್ಟ್ ವಿಂಗರ್, ಗಾಳಿಯ ಹಾಗೆ ಓಡುತ್ತಾನೆ. ಹತ್ತೂವರೆಗೆ ಬಂದು ಹಾಜರಿ ಹಾಕಿ ಹೊರಟ. ‘ಕೂರು’ ಅಂದೆ. ‘ಅಣ್ಣ, ಪ್ರಾಕ್ಟೀಸ್...’ ‘ಮೂರು ಗಂಟೆಗೆ ತಾನೆ? ದಿನಾ ಒಂದು ಗಂಟೆ ಇಲ್ಲಿ ಕೂತು ಆಮೇಲೆ ಹೋಗು.’ ಮುಖ ಊದಿಸಿಕೊಂಡು ಕೂತ. ಈಗ ಎರಡು ತಿಂಗಳಾಯಿತು. ಮೊನ್ನೆ ಒಂದು ಕಟ್ಟು ಎಣಿಸಿ ನನ್ನ ಮೇಜಿನ ಮೇಲಿಟ್ಟು, ‘ನೂರು ಸರಿಯಾಗಿದೆ ಅಣ್ಣ’ ಅಂದ. ನಾನು ಎಣಿಸಿದೆ. ತೊಂಬತ್ತೊಂಬತ್ತು.

‘ಇನ್ನೊಂದು ಸಲ ಎಣಿಸು’ ಅಂದೆ.