ಪ್ರಾರ್ಥನಾ ಕೂಟದಲ್ಲಿ ಹೇಳಿದ್ದು, ಪಾತ್ರೆ ತೊಳೀತಾ ಹೇಳಿದ್ದು: ನನ್ನ ಅನುಭವ

ಮದುವೆ ಆಗಿ ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದಾಗ ನಂಗೆ ಇಲ್ಲಿ ಗೊತ್ತಿದ್ದಿದ್ದು ನಮ್ಮನೆಯವ್ರು, ಅತ್ತೆ, ಮತ್ತೆ ಚರ್ಚಲ್ಲಿ ಭಾನುವಾರದ ಕನ್ನಡ ಆರಾಧನೆ ಅಷ್ಟೇ. ಊರಲ್ಲಿ ನಮ್ದು ಚಿಕ್ಕ ಸಭೆ, ಅಂದ್ರೆ ಚರ್ಚಿಗೆ ಬರೋ ನಾಲ್ಕು ಮನೆಯೋರು, ಯಾರ ಮನೇಲಿ ಇವತ್ತು ಏನು ಸಾರು ಅಂತಾನೂ ಗೊತ್ತಿರುತ್ತೆ, ಹಂಗಾಗಿ ಸಭೆ ಅಂದ್ಮೇಲೆ ಎಲ್ಲಾ ನಮ್ಮೋರೇ ಅಂತ ನಂಬ್ಕೊಂಡು ಬಂದೋಳು ನಾನು.

ಮೊದಲ ಮಗು ಹೊಟ್ಟೇಲೇ ಹೋಯ್ತು. ನಿದ್ದೆ ಇಲ್ಲ, ಊಟ ಇಲ್ಲ, ಡಾಕ್ಟರು ಇದು ಖಿನ್ನತೆ ಅಂತ ಮಾತ್ರೆ ಬರೆದುಕೊಟ್ರು. ಆ ವಾರ ಪ್ರಾರ್ಥನಾ ಕೂಟದಲ್ಲಿ "ಯಾರಿಗಾದ್ರೂ ಪ್ರಾರ್ಥನಾ ವಿಷಯ ಇದ್ಯಾ" ಅಂತ ಕೇಳಿದ್ರು, ನಾನು ಮಾತ್ರೆ ವಿಷಯಾನೂ ಸೇರಿಸಿ ಎಲ್ಲಾ ಹೇಳ್ಬಿಟ್ಟೆ. ಭಾನುವಾರ ಗೇಟ್ ಹತ್ರ, ನಾನು ಯಾವತ್ತೂ ಮಾತೇ ಆಡಿರದ ಒಬ್ಬ ಆಂಟಿ ಕೈ ಹಿಡ್ಕೊಂಡು "ವಿಶ್ವಾಸ ಇದ್ದೋರಿಗೆ ಮಾತ್ರೆ ಯಾಕಮ್ಮಾ" ಅಂದ್ರು. ಅವರಿಗೆ ಯಾರು ಹೇಳಿದ್ರು ಅಂತ ಇವತ್ತಿಗೂ ಗೊತ್ತಿಲ್ಲ, ಎಲ್ಲರೂ "ಪ್ರಾರ್ಥನೆ ಮಾಡ್ಲಿ ಅಂತ ಹೇಳಿದ್ವಿ" ಅಂದ್ರು. ಆ ಮಾತು ಕೇಳಿ ನಾನು ಎರಡು ವಾರ ಮಾತ್ರೆ ಬಿಟ್ಟೆ, ಇನ್ನೂ ಕುಸಿದುಹೋದೆ, ಡಾಕ್ಟರು ಬೈದು ಮತ್ತೆ ಶುರು ಮಾಡ್ಸಿದ್ರು. ದಯವಿಟ್ಟು ಯಾರೂ ಹಂಗೆ ಬಿಡ್ಬೇಡಿ.

ಆಮೇಲೆ ಯೋಚನೆ ಮಾಡ್ದೆ. ಕಥೋಲಿಕರಲ್ಲಿ ಪಾಪನಿವೇದನೆಯಲ್ಲಿ, ಅಂದ್ರೆ ಗುರುಗಳ ಹತ್ರ ಒಬ್ರೇ ತಪ್ಪು ಒಪ್ಕೊಳ್ಳುವಾಗ, ಕೇಳಿದ್ದನ್ನ ಆ ಗುರುಗಳು ಯಾರಿಗೂ ಹೇಳೋ ಹಾಗಿಲ್ಲ ಅಂತ ಕಟ್ಟುನಿಟ್ಟಾದ ನಿಯಮ ಇದೆ, ನಮ್ಮ ಪ್ರಾರ್ಥನಾ ಕೂಟಕ್ಕೆ ಅಂಥದ್ದೇನೂ ಇಲ್ಲ. ಕೂಟದಲ್ಲಿ ಹೇಳಿದ್ದು ಸಭೆಗೆಲ್ಲಾ ಹೇಳಿದ ಹಾಗೇನೇ. ಪ್ರಾರ್ಥನೆಗೆ ನಾಲ್ಕು ಜನ ಬೇಕು ಸರಿ, ಆದ್ರೆ ಹೊಟ್ಟೇಲಿರೋದನ್ನ ಹೇಳ್ಕೊಳ್ಳೋಕೆ ಒಬ್ರೋ ಇಬ್ರೋ ಸಾಕು, ಆ ಒಬ್ರನ್ನ ನಿಧಾನವಾಗಿ ಹುಡುಕ್ಬೇಕು.

ನಂಗೆ ಆ ಒಬ್ರು ಸಿಕ್ಕಿದ್ದು ಚರ್ಚಿನ ಬೆಳೆ ಹಬ್ಬದ ದಿನ. ಆಚೆ ಕುಂಬಳಕಾಯಿ, ಬಾಳೆಗೊನೆ, ನಾಟಿ ಕೋಳಿ ಎಲ್ಲಾ ಹರಾಜು ನಡೀತಿತ್ತು, ನಾನು ಜನರಿಂದ ತಪ್ಪಿಸ್ಕೊಳ್ಳೋಕೆ ಅಂತ ಹಿಂದುಗಡೆ ಬಿರಿಯಾನಿ ಪಾತ್ರೆ ತೊಳೆಯೋ ಜಾಗಕ್ಕೆ ಹೋದೆ. ಅಲ್ಲಿ ಒಬ್ಬ ಅಕ್ಕ ತಳ ಹಿಡಿದಿದ್ದ ದೊಡ್ಡ ತಪ್ಪಲೇನ ತೆಂಗಿನ ನಾರಲ್ಲಿ ಉಜ್ತಾ ಕೂತಿದ್ರು, ಏನೂ ಕೇಳ್ಲಿಲ್ಲ, ಇನ್ನೊಂದು ನಾರು ನನ್ನ ಕಡೆ ತಳ್ಳಿದ್ರು ಅಷ್ಟೇ. ಒಂದು ಗಂಟೆ ಇಬ್ರೂ ಸುಮ್ನೆ ತೊಳೆದ್ವಿ. ಬೈಬಲಲ್ಲಿ ಮಕ್ಕಳು, ಆಸ್ತಿ ಎಲ್ಲಾ ಕಳ್ಕೊಂಡ ಯೋಬನ ಸ್ನೇಹಿತರೂ ಮೊದಲು ಏಳು ದಿನ ಏಳು ರಾತ್ರಿ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ರಲ್ಲ, ಅಲ್ಲೀವರೆಗೂ ಅವರು ಒಳ್ಳೆ ಸ್ನೇಹಿತರೇ, ಬಾಯಿ ಬಿಟ್ಟು ಕಾರಣ ಹೇಳೋಕೆ ಶುರು ಮಾಡಿದ್ಮೇಲೇ ಅವನಿಗೆ ಹಿಂಸೆ ಆಗಿದ್ದು.

ಆಮೇಲೂ ತಿಂಗಳುಗಟ್ಟಲೆ ಕೆಲಸ ಮಾಡ್ತಾನೇ ಅವರನ್ನ ನೋಡ್ದೆ. ಬೇರೆಯವರ ಮನೆ ವಿಷಯ ನನ್ನ ಹತ್ರ ತರ್ತಾರಾ ಅಂತ ಗಮನಿಸ್ದೆ, ಯಾಕಂದ್ರೆ ಅವರದ್ದನ್ನ ನನ್ನ ಹತ್ರ ಹೇಳೋರು ನನ್ನದನ್ನೂ ಅವರ ಹತ್ರ ಹೇಳೇ ಹೇಳ್ತಾರೆ. ಅತ್ತೆ ಜೊತೆ ಆದ ಒಂದು ಸಣ್ಣ ಬೇಜಾರು ಹೇಳಿ ಕಾದೆ, ಎಲ್ಲಿಂದಲೂ ಅದು ತಿರುಗಿ ನನ್ನ ಕಿವಿಗೆ ಬರ್ಲಿಲ್ಲ. ಒಂದು ಸಲ "ಈ ವಾರ ಆಗಲ್ಲ ಅಕ್ಕ" ಅಂದಾಗ ಮುಖ ಊದಿಸ್ಕೊಳ್ಳಲಿಲ್ಲ. ಇದು ನಂಗೆ ತುಂಬಾ ದೊಡ್ಡದು, ಬೇಡ ಅಂದ್ರೂ ಸಂಬಂಧ ಮುರಿಯಲ್ಲ ಅನ್ನೋ ಧೈರ್ಯ ಬಂತು. ಮಾತ್ರೆ ವಿಷಯ ಕೊನೆಗೆ ಹೇಳಿದಾಗ "ಮುಂದಿನ ಸಲ ಡಾಕ್ಟರ ಹತ್ರ ಯಾವಾಗ, ನಾನೂ ಬರ್ಲಾ" ಅಂದ್ರು. ಬಂದ್ರು ಕೂಡ, ಓಪಿಡಿ ಕ್ಯೂನಲ್ಲಿ ಟಿಫನ್ ಬಾಕ್ಸ್ ಇಟ್ಕೊಂಡು ಮಧ್ಯಾಹ್ನದವರೆಗೂ ಕೂತ್ರು. ರಾತ್ರಿ ಹೊತ್ತಲ್ಲಿ ತಡ್ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ಇರ್ಲಿ ಅಂತ ಮನಸ್ಸಿನ ಕಷ್ಟಕ್ಕೆ ಇರೋ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ನನ್ನ ಫೋನಲ್ಲಿ ಸೇವ್ ಮಾಡಿಕೊಟ್ಟಿದ್ದೂ ಅವರೇ, ಅದು ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡ್ಬಹುದು.

ಇನ್ನೊಂದು ಕಡೆ "ದೇವರು ನಿನ್ನ ಬಗ್ಗೆ ನಂಗೆ ತೋರಿಸಿದ್ರು" ಅಂತ ಶುರು ಮಾಡಿ, ಇದನ್ನ ಮನೇಲಿ ಹೇಳ್ಬೇಡ, ಒಬ್ಳೇ ಬಾ ಪ್ರಾರ್ಥನೆ ಮಾಡೋಣ ಅಂದೋರೂ ಇದ್ರು. ಅಂಥವರಿಂದ ನಾನು ದೂರಾನೇ ಉಳಿದೆ, ದೇವರು ತಮಗೆ ಮಾಡಿದ್ದನ್ನ ಸಭೆ ಮುಂದೆ ಅವರು ಎಷ್ಟೇ ಚೆನ್ನಾಗಿ ಸಾಕ್ಷಿ ಹೇಳೋರಾದ್ರೂ ಸರಿ.

ಈಗ ನಾವು ಮೂರು ಜನ ಇದ್ದೀವಿ. ಯಾರೇ ಏನೇ ಹೇಳ್ಕೊಂಡ್ರೂ ಮೊದಲು ಕೇಳೋದು ಒಂದೇ, ಇದನ್ನ ಪ್ರಾರ್ಥನೆಗೆ ಬೇರೆಯವರಿಗೂ ಹೇಳ್ಬಹುದಾ, ಇಲ್ಲಾ ನಮ್ಮಲ್ಲೇ ಇರ್ಲಾ ಅಂತ. ಹೋದ ತಿಂಗಳು ರಾಯಚೂರಿಂದ ಹೊಸದಾಗಿ ಬಂದಿರೋ ಹುಡುಗಿ ಆರಾಧನೆ ಆದ್ಮೇಲೆ ಟೀ ಲೋಟ ತೊಳೀತಾ ತೊಳೀತಾ ಅಳೋಕೆ ಶುರು ಮಾಡಿದ್ಲು, ಅರ್ಧಂಬರ್ಧ ಏನೋ ಹೇಳಿದ್ಲು, ನಾನು ಅದನ್ನೇ ಕೇಳ್ದೆ. ಅವಳು ಕೈಯಲ್ಲಿದ್ದ ಲೋಟ ಒರೆಸಿ ಬೋರಲು ಹಾಕಿ, ಇನ್ನೊಂದು ಲೋಟ ತಗೊಂಡು, ಸುಮಾರು ಹೊತ್ತಾದ್ಮೇಲೆ "ನಿಮ್ಮಲ್ಲೇ ಇರ್ಲಿ ಅಕ್ಕ" ಅಂದ್ಲು.