ಕಂಪ್ಯೂಟರ್ ಲೂಪಿಗೆ ಯಾವ ನೀರು? ಮುಂಬಯಿಯಲ್ಲಿ ನಾನು ಅನುಸರಿಸುವ ಕ್ರಮ

ನೀರು ಸುತ್ತಿಸಿ ಕಂಪ್ಯೂಟರನ್ನು ತಂಪಾಗಿಡುವ ಲೂಪಿಗೆಂದು ಪಂಪು, ಬ್ಲಾಕು (ಚಿಪ್ಪಿನ ಮೇಲೆ ಕೂತು ಬಿಸಿ ಎಳೆಯುವ ಲೋಹದ ತುಂಡು), ರೇಡಿಯೇಟರ್ ಎಂದು ಲೆಕ್ಕ ಹಾಕಿ ದುಡ್ಡು ಸುರಿಯುವವರೂ ಲೂಪಿನೊಳಗೆ ಹೋಗುವ ಒಂದು ಲೀಟರ್ ನೀರಿನ ವಿಷಯ ಬಂದಾಗ ಕೈಗೆ ಸಿಕ್ಕಿದ್ದನ್ನು ಹಾಕಿಬಿಡುತ್ತಾರೆ. ಮುಂಬಯಿಯಲ್ಲಿ ಇದಕ್ಕೊಂದು ಕಾರಣವೂ ಇದೆ. ಭಾತ್ಸಾ, ತಾನ್ಸಾ, ವೈತರಣಾ ಮೊದಲಾದ ಏಳು ಜಲಾಶಯಗಳಿಂದ ಬರುವ ಪಾಲಿಕೆಯ ನೀರು ಮೆದು. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಪ್ರಮಾಣ ಅಳೆಯುವ ಪೆನ್ ಅದ್ದಿದರೆ ಸಾಮಾನ್ಯವಾಗಿ ನೂರು ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗೇ ತೋರಿಸುತ್ತದೆ. ‘ಆರ್‌ಓ ನೀರಿಗೆ ಸಮ ಇದೆಯಲ್ಲ, ಇದೇ ಸಾಕು’ ಎನ್ನುತ್ತಾರೆ. ನಾನು ಮಾತ್ರ ನಲ್ಲಿ ನೀರನ್ನು ಲೂಪಿನ ಹತ್ತಿರಕ್ಕೂ ತರುವುದಿಲ್ಲ.

ಗೀಜರಿನ ಕಾಯಿಲಿಗೆ ಸುಣ್ಣ ಕಟ್ಟುವ ಹಾಗೆ ಬ್ಲಾಕಿಗೂ ಕಟ್ಟುತ್ತದೆ ಎಂಬುದೇ ಎಲ್ಲರ ಹೆದರಿಕೆ. ಆದರೆ ಗೀಜರಿಗೆ ದಿನವೂ ಹೊಸ ನೀರು ಬರುತ್ತದೆ, ಲೂಪಿನಲ್ಲಿ ತಿರುಗುವುದು ಅದೇ ಒಂದು ಲೀಟರ್. 300 ಪಿಪಿಎಂ ಇರುವ ಬೋರ್‌ವೆಲ್ ನೀರನ್ನೇ ತುಂಬಿದರೂ ಅದರಲ್ಲಿ ಕರಗಿರುವುದು ಒಟ್ಟು 0.3 ಗ್ರಾಂ, ಅದೂ 40 ಡಿಗ್ರಿ ಆಸುಪಾಸಿನಲ್ಲಿ ಪೂರ್ತಿ ಗಟ್ಟಿಯಾಗಿ ಕೂರುವುದಿಲ್ಲ. ನಿಜವಾದ ಹಾನಿ ಬೇರೆ ಎರಡು ಕಡೆಯಿಂದ ಬರುತ್ತದೆ. ನಲ್ಲಿ ನೀರಿನ ಕ್ಲೋರೈಡು ಬ್ಲಾಕಿನ ನಿಕ್ಕಲ್ ಲೇಪನದ ಸಣ್ಣ ಸೀಳಿಗೆ ನುಗ್ಗಿ ಕೆಳಗಿನ ತಾಮ್ರವನ್ನು ತಿನ್ನುತ್ತದೆ, ಆಮೇಲೆ ಲೇಪನವೇ ಚಕ್ಕೆಯಾಗಿ ಏಳುತ್ತದೆ. ಕರಗಿದ ಲವಣ ಹೆಚ್ಚಿದಷ್ಟೂ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಬೇರೆ ಬೇರೆ ಲೋಹಗಳ ನಡುವಿನ ಸವೆತವೂ ಚುರುಕಾಗುತ್ತದೆ. ಇನ್ನೊಂದು, ಸೂಕ್ಷ್ಮಜೀವಿಗಳು. ಮೇ ತಿಂಗಳಲ್ಲಿ ಕೋಣೆ 33 ಡಿಗ್ರಿ ಇದ್ದರೆ ಆಟವಾಡುವಾಗ ಲೂಪಿನ ನೀರು 43ರ ಹತ್ತಿರ ಹೋಗುತ್ತದೆ, ಮೆಷೀನು ಆಫಾದ ಮೇಲೆ ಮತ್ತೆ 33ಕ್ಕೆ ಬಂದು ನಿಲ್ಲುತ್ತದೆ. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಹಿತವಾದ ಜಾಗ ಬೇಕಿಲ್ಲ. ಬ್ಲಾಕಿನ ರೆಕ್ಕೆಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ, ತೆಳು ಲೋಳೆ ಕಟ್ಟಿದರೂ ಹರಿವು ಕುಂದುತ್ತದೆ.

ಮನೆಯ ಆರ್‌ಓ ನೀರೂ ಬೇಡ. ಕುಡಿಯಲು ರುಚಿ ಇರಲೆಂದು ಹೆಚ್ಚಿನ ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರೋ ಮಿನರಲ್ ಕಾರ್ಟ್ರಿಜ್ಜೋ ಇರುತ್ತದೆ, ತೆಗೆದ ಲವಣವನ್ನು ಅದೇ ವಾಪಸು ಸೇರಿಸುತ್ತದೆ. ಕಾರ್ಬನ್ ಫಿಲ್ಟರು ಕ್ಲೋರಿನ್ ಹೀರಿಕೊಳ್ಳುವುದರಿಂದ ಟ್ಯಾಂಕಿನಲ್ಲಿ ನಿಂತ ನೀರಿಗೆ ರಕ್ಷಣೆಯೂ ಇಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಇನ್ವರ್ಟರಿಗೆ ಹಾಕುವ ಮನೆಗಳು ಇಲ್ಲಿ ಬಹಳ. ಅದರ ಟಿಡಿಎಸ್ ಕಡಿಮೆಯೇ, ನಿಜ. ಆದರೆ ಕಾಯಿಲಿನ ಮೇಲಿನ ಧೂಳು, ಬೂಷ್ಟು, ಲೋಹದ ಅಂಶ ಎಲ್ಲವನ್ನೂ ತೊಳೆದುಕೊಂಡೇ ಅದು ಬರುತ್ತದೆ. ಮಳೆನೀರಿನದೂ ಇದೇ ಕಥೆ, ಸಮುದ್ರದ ಉಪ್ಪು ಹೆಚ್ಚುವರಿ. ಠಾಣೆಯ ಘೋಡಬಂದರ್ ರೋಡಿನ ಕಡೆ ಟ್ಯಾಂಕರ್ ನೀರು ನಂಬಿರುವ ಸೊಸೈಟಿಗಳಲ್ಲಿ ಇವತ್ತಿನ ನೀರು ನಾಳೆ ಇರುವುದಿಲ್ಲ, ಆ ಮಾತೇ ಬೇಡ.

ನಾನು ಬಳಸುವುದು ಬ್ಯಾಟರಿ ಅಂಗಡಿಯಲ್ಲಿ ಸಿಗುವ 5 ಲೀಟರ್ ಕ್ಯಾನು. ಮೇಲೆ ‘ಡಿಸ್ಟಿಲ್ಡ್’ ಎಂದು ಬರೆದಿದ್ದರೂ ಬಹುಪಾಲು ಅದು ಡಿಎಂ ನೀರು, ಅಂದರೆ ರೆಸಿನ್ ಮೂಲಕ ಹಾಯಿಸಿ ಲವಣ ತೆಗೆದದ್ದು. ನಮ್ಮ ಕೆಲಸಕ್ಕೆ ಎರಡೂ ನಡೆಯುತ್ತದೆ. ಬ್ಯಾಟರಿ ನೀರಿಗೆಂದೇ ಐಎಸ್ 1069 ಎಂಬ ಭಾರತೀಯ ಮಾನಕ ಇದೆ, ಕ್ಯಾನಿನ ಮೇಲೆ ಅದರ ಉಲ್ಲೇಖ ಇದ್ದರೆ ಒಳ್ಳೆಯದು. ಸೀಲು ಗಟ್ಟಿ ಇರಬೇಕು, ನೀರಿಗೆ ಬಣ್ಣ ಇರಬಾರದು. ಅದೇ ಅಂಗಡಿಯಲ್ಲಿ ಅದೇ ಥರದ ಕ್ಯಾನಿನಲ್ಲಿ ಬ್ಯಾಟರಿ ಆ್ಯಸಿಡ್ಡನ್ನೂ ಇಟ್ಟಿರುತ್ತಾರೆ. ಆದ್ದರಿಂದ ಲೇಬಲ್ಲನ್ನು ಎರಡು ಸಲ ಓದಿ, ಮನೆಗೆ ತಂದ ಮೇಲೆ ಅಳೆದೇ ಮುಂದುವರಿಯಿರಿ.

ಅಳೆಯುವುದಕ್ಕೂ ಕ್ರಮವಿದೆ. ಪೆನ್ನನ್ನು ಕ್ಯಾನಿನೊಳಗೆ ಅದ್ದಬಾರದು. ಒಂದು ಗಾಜಿನ ಲೋಟವನ್ನು ಅದೇ ನೀರಿನಲ್ಲಿ ಎರಡು ಸಲ ತೊಳೆದು ಚೆಲ್ಲಿ, ಮೂರನೇ ಸಲ ತುಂಬಿ, ಪೆನ್ನಿನ ತುದಿಯನ್ನೂ ಹಾಗೇ ತೊಳೆದು ಅದ್ದಿ, ಗಾಳಿಗುಳ್ಳೆ ಬಿಡಲು ಮೆಲ್ಲಗೆ ಅಲ್ಲಾಡಿಸಬೇಕು. ಬೆರಳು ತಾಗಿದರೂ ಅಂಕಿ ಏರುತ್ತದೆ. 0ಯಿಂದ 3 ಬಂದರೆ ತುಂಬಲು ಯೋಗ್ಯ, 10ರವರೆಗೆ ಬಂದರೆ ತೊಳೆಯಲು ಇಟ್ಟುಕೊಳ್ಳುತ್ತೇನೆ, ಅದಕ್ಕಿಂತ ಮೇಲಿನದ್ದು ಗಿಡಕ್ಕೆ. ಆದರೆ ಅಂಕಿ ನೂರು ದಾಟಿದರೆ ಅದು ನೀರೇ ಹೌದೋ ಅಲ್ಲವೋ ಎಂದು ಅನುಮಾನಿಸಿ; ಅದನ್ನು ಗಿಡಕ್ಕೂ ಹಾಕದೆ ಅಂಗಡಿಗೆ ವಾಪಸು ಕೊಡಿ. ಇನ್ನೊಂದು ಮಾತು. ಪೆನ್ನು ಅಳೆಯುವುದು ವಿದ್ಯುತ್ ವಾಹಕತೆಯನ್ನು ಮಾತ್ರ. ಎಣ್ಣೆ, ಸಕ್ಕರೆ, ಬ್ಯಾಕ್ಟೀರಿಯಾ ಯಾವುದೂ ಅದಕ್ಕೆ ಕಾಣುವುದಿಲ್ಲ. ರೆಸಿನ್ ಬ್ಯಾಕ್ಟೀರಿಯಾವನ್ನು ತೆಗೆಯುವುದಿಲ್ಲವಾದ್ದರಿಂದ ಸೊನ್ನೆ ತೋರಿಸಿದ ನೀರಿಗೂ ಬಯೋಸೈಡ್, ಅಂದರೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ರಾಸಾಯನಿಕ, ಬೇಕೇ ಬೇಕು. ಪಿಎಚ್ ಕಾಗದದ ಗೊಡವೆಗೆ ಹೋಗಬೇಡಿ, ಲವಣವೇ ಇಲ್ಲದ ನೀರಿನಲ್ಲಿ ಅದರ ಬಣ್ಣ ನಂಬುವಂತಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಇಂಥ ನೀರು 5.6ರ ಸುತ್ತ ಇರುವುದು ಸಹಜ.

ಶುದ್ಧ ನೀರಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಸೋರಿದರೂ ಬೋರ್ಡಿಗೆ ಏನಾಗದು ಎಂಬ ನಂಬಿಕೆಯನ್ನು ಬಿಟ್ಟುಬಿಡಿ. ಅತಿ ಶುದ್ಧ ನೀರಿನ ವಾಹಕತೆ ಸೆಂಟಿಮೀಟರಿಗೆ 0.055 ಮೈಕ್ರೋಸೀಮೆನ್ಸ್ ಇರುವುದು ಕಾಗದದ ಮೇಲೆ ನಿಜ, ಆದರೆ ಲೂಪಿಗೆ ಬಿದ್ದ ಕ್ಷಣದಿಂದ ಅದು ತಾಮ್ರ, ಬೆಸುಗೆ, ಧೂಳು ಎಲ್ಲದರಿಂದಲೂ ಅಯಾನುಗಳನ್ನು ಎಳೆದುಕೊಳ್ಳುತ್ತದೆ.

ಹಾಗಾಗಿ ನೀರು ಆರಿಸುವಷ್ಟೇ ಮುಖ್ಯ ಕೆಲಸ ರೇಡಿಯೇಟರ್ ತೊಳೆಯುವುದು. ಹೊಸದರ ಒಳಗೆ ಫ್ಲಕ್ಸ್, ಅಂದರೆ ಬೆಸುಗೆ ಹಿಡಿಯಲೆಂದು ಹಚ್ಚಿದ ಅಂಟು, ಉಳಿದಿರುತ್ತದೆ. ಡಿಎಂ ನೀರನ್ನು 50–60 ಡಿಗ್ರಿಗೆ ಬಿಸಿ ಮಾಡಿ, ರೇಡಿಯೇಟರಿನ ಅರ್ಧದಷ್ಟು ತುಂಬಿ, ಬಾಯಿ ಮುಚ್ಚಿ ಎರಡು ನಿಮಿಷ ಜೋರಾಗಿ ಕುಲುಕಿ, ಬಿಳಿ ಬಟ್ಟೆಯ ಮೇಲೆ ಸುರಿಯುತ್ತೇನೆ. ಮೊದಲ ಸಲ ಕಂದು ಚೂರುಗಳು, ಕೆಲವೊಮ್ಮೆ ಬೆಸುಗೆಯ ಹೊಳೆಯುವ ಸಣ್ಣ ಗುಂಡುಗಳು ಬಟ್ಟೆಯಲ್ಲಿ ಉಳಿಯುತ್ತವೆ. ಹೊರಬಂದ ನೀರು ತಣ್ಣಗಾದ ಮೇಲೆ ಟಿಡಿಎಸ್ ನೋಡಿ, ಒಳಗೆ ಹಾಕಿದ ನೀರಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೆರಡು ಪಿಪಿಎಂಗೆ ಇಳಿಯುವವರೆಗೂ ಇದೇ ಕೆಲಸ. ಎರಡು ರೇಡಿಯೇಟರಿಗೆ 3 ಲೀಟರ್ ಖರ್ಚಾಗುತ್ತದೆ, 5 ಲೀಟರ್ ಕ್ಯಾನು ತರುವುದು ಇದಕ್ಕೇ.

ಬೆರೆಸುವುದಕ್ಕೆ ನನ್ನ ಆಯ್ಕೆ ತಾಮ್ರದ ಸವೆತ ತಡೆಯುವ ಅಂಶವೂ ಬಯೋಸೈಡೂ ಇರುವ ಕಾನ್ಸಂಟ್ರೇಟ್. 100 ಮಿ.ಲೀ. ಬಾಟಲಿಗೆ 900 ಮಿ.ಲೀ. ನೀರು ಎಂದಿದ್ದರೆ ಅಷ್ಟೇ, ಕಣ್ಣಂದಾಜು ಬೇಡ. ಗಡಸು ನೀರಿನಲ್ಲಿ ಬೆರೆಸಿದರೆ ಕೆಲವು ರಾಸಾಯನಿಕಗಳು ಕ್ಯಾಲ್ಸಿಯಂ ಜೊತೆ ಸೇರಿ ಕೆಳಗೆ ಕೂರುತ್ತವೆ. ತಾಮ್ರದ ಸಲ್ಫೇಟಿನ ಬಯೋಸೈಡನ್ನು ಅಲ್ಯೂಮಿನಿಯಂ ಇರುವ ಲೂಪಿಗೆ ಹಾಕಲೇಬಾರದು. ಹಾಗೆ ನೋಡಿದರೆ ತಾಮ್ರದ ಬ್ಲಾಕಿನ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಕೂಡಿಸುವುದೇ ತಪ್ಪು, ಎಂಥ ಒಳ್ಳೆಯ ನೀರೂ ಅದನ್ನು ಉಳಿಸುವುದಿಲ್ಲ. ಸ್ಪಿರಿಟ್, ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿದರೆ ಲೂಪಿನ ನೀರಿನ ತೊಟ್ಟಿಯಾದ ಅಕ್ರಿಲಿಕ್ ರಿಸರ್ವಾಯರಿನಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ.

ತುಂಬುವಾಗ ಪಂಪಿಗೆ ಮಾತ್ರ ಕರೆಂಟು ಕೊಡಿ, ಬೋರ್ಡಿನ ಎಲ್ಲ ಕನೆಕ್ಟರುಗಳೂ ಕಳಚಿರಲಿ. ರಿಸರ್ವಾಯರ್ ಖಾಲಿಯಾಗುವ ಮೊದಲೇ ನಿಲ್ಲಿಸಿ ಮತ್ತೆ ತುಂಬಬೇಕು, ಡಿ5 ಮಾದರಿಯ ಪಂಪಿನ ಬೇರಿಂಗಿಗೆ ನೀರೇ ಎಣ್ಣೆ.

ತಿಂಗಳಾದ ಮೇಲೆ 20 ಮಿ.ಲೀ. ತೆಗೆದು ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ನೋಡುತ್ತೇನೆ. ಬಣ್ಣವಿಲ್ಲದ ದ್ರವ ನೀಲಿ-ಹಸಿರಿಗೆ ತಿರುಗಿದ್ದರೆ ತಾಮ್ರ ಕರಗುತ್ತಿದೆ. ಬಿಳಿ ಲೋಳೆ ಕಂಡರೆ ಅದು ಸಾಮಾನ್ಯವಾಗಿ ಪಾರದರ್ಶಕ ಪಿವಿಸಿ ಪೈಪಿನಿಂದ ಬಿಟ್ಟುಕೊಂಡ ಪ್ಲಾಸ್ಟಿಸೈಜರ್, ಅಂದರೆ ಪೈಪನ್ನು ಮೆತ್ತಗಿಡುವ ರಾಸಾಯನಿಕ. ಇಪಿಡಿಎಂ ರಬ್ಬರ್ ಪೈಪಿನಲ್ಲಿ ಈ ಕಾಟವಿಲ್ಲ. ಹಸಿರು ಎಳೆಗಳು ಕಂಡರೆ ಪಾಚಿ, ಬಯೋಸೈಡ್ ಮುಗಿದಿದೆ. ಕಾನ್ಸಂಟ್ರೇಟ್ ಬೆರೆಸಿದ ನೀರಿನ ಟಿಡಿಎಸ್ ಮೊದಲಿಂದಲೇ ಹೆಚ್ಚು ತೋರಿಸುತ್ತದೆ, ಆದ್ದರಿಂದ ತುಂಬಿದ ದಿನದ ಅಂಕಿಯನ್ನು ಕ್ಯಾಬಿನೆಟ್ಟಿನ ಒಳಬಾಗಿಲಿಗೆ ಚೀಟಿ ಅಂಟಿಸಿ ಬರೆದಿಡುತ್ತೇನೆ. ಮಳೆಗಾಲದಲ್ಲಿ ರಾತ್ರಿಯಿಡೀ ಎಸಿ ಹಾಕಿದ ಕೋಣೆಯ ಕಿಟಕಿಯನ್ನು ಬೆಳಿಗ್ಗೆ ತೆರೆದರೆ ತಣ್ಣಗಿನ ಪೈಪಿನ ಹೊರಗೆ ಬೆವರು ಕೂರಬಹುದು. ಅದನ್ನು ಸೋರಿಕೆ ಎಂದು ತಿಳಿದು ಲೂಪ್ ಬಿಚ್ಚುವವರಿದ್ದಾರೆ. ಒರೆಸಿ, ಪೂರ್ತಿ ಒಣಗಿದ ಮೇಲೆ ಮೆಷೀನು ಹಾಕಿ.

ಕೆಲವು ತಿಂಗಳಲ್ಲಿ ರಿಸರ್ವಾಯರಿನ ಮಟ್ಟ ಒಂದು ಬೆರಳು ಇಳಿಯುತ್ತದೆ. ರಬ್ಬರ್ ಪೈಪಿನ ಮೂಲಕ ಆರಿಹೋಗುವುದು ನೀರು ಮಾತ್ರ, ಬೆರೆಸಿದ್ದು ಒಳಗೇ ಉಳಿದಿರುತ್ತದೆ. ಹಾಗಾಗಿ ಮೇಲಿಂದ ಹಾಕಬೇಕಾದದ್ದೂ ಬರೀ ಡಿಎಂ ನೀರು. ಸೋರಿ ಕಡಿಮೆಯಾಗಿದ್ದರೆ ಮಾತ್ರ ಬೆರೆಸಿದ ದ್ರವವನ್ನೇ ಅದೇ ಪ್ರಮಾಣದಲ್ಲಿ ಮಾಡಿ ತುಂಬಬೇಕು.