ಏಳನೇ ಮಹಡಿಯಲ್ಲಿ ನಾಯಿಮರಿ: ನಾನು ಕಲಿಸಿದ ಬಗೆ

ಊರಿನ ಮನೆಯಲ್ಲಾದರೆ ಬಾಗಿಲು ದಾಟಿದರೆ ಅಂಗಳ. ಮುಂಬೈಯ ಮುಲುಂಡಿನಲ್ಲಿ ನಮ್ಮ ಮನೆ ಏಳನೇ ಮಹಡಿಯಲ್ಲಿದೆ. ಚಪ್ಪಲಿ ಮೆಟ್ಟಿ, ಲಿಫ್ಟ್ ಬರುವುದನ್ನು ಕಾಯುವಷ್ಟು ಹೊತ್ತು ಎರಡು ತಿಂಗಳ ಮರಿ ತಡೆದುಕೊಳ್ಳಲಾರದು. ಅದಕ್ಕೇ ನಮ್ಮ ಮರಿ ಕೆಂಚಿಯ ಮೊದಲ ಪಾಠವನ್ನು ಬಾಲ್ಕನಿಯಲ್ಲೇ ಶುರುಮಾಡಿದೆ.

ಮೂಲೆಯಲ್ಲಿ ಅಗಲವಾದ ಪ್ಲಾಸ್ಟಿಕ್ ಟ್ರೇ, ಅದರೊಳಗೆ ಹಳೇ ಪೇಪರ್. ನಿದ್ದೆಯಿಂದ ಎದ್ದಾಗ, ಉಂಡಾದ ಮೇಲೆ, ಆಡಿ ದಣಿದ ಮೇಲೆ ಎತ್ತಿಕೊಂಡು ಹೋಗಿ ಅದರಲ್ಲಿ ನಿಲ್ಲಿಸುತ್ತಿದ್ದೆ. ನಡುವೆ ಮೂಗನ್ನು ನೆಲಕ್ಕೆ ಹಚ್ಚಿ ಸುತ್ತು ಹಾಕತೊಡಗಿದಳೆಂದರೂ ಅದೇ ಸೂಚನೆ. ಕೆಲಸ ಮುಗಿಸಿದ ಕ್ಷಣಕ್ಕೇ ‘ಜಾಣೆ’ ಎಂದು ಕಡಲೆಕಾಳಿನಷ್ಟು ಬೇಯಿಸಿದ ಕೋಳಿಯ ಚೂರನ್ನು ಬಾಯಿಗೆ ಕೊಡುತ್ತಿದ್ದೆ. ಈ ಕ್ಷಣವೇ ಎಲ್ಲ. ಅಡುಗೆಮನೆಗೆ ಹೋಗಿ ಡಬ್ಬಿ ತರುವಷ್ಟರಲ್ಲಿ ಮರಿ ನಮ್ಮ ಹಿಂದೆಯೇ ಓಡಿಬಂದಿರುತ್ತದೆ. ಆಗ ಕೊಟ್ಟರೆ ಅದು ಕಲಿಯುವುದು ಓಡಿಬರುವುದನ್ನು. ಹಾಗಾಗಿ ಚೂರುಗಳು ಸದಾ ನನ್ನ ಜೇಬಿನಲ್ಲೇ ಇರುತ್ತಿದ್ದವು. ಕೋಳಿ ಆಗದ ಮನೆಯಲ್ಲಿ ಪನೀರ್ ಸಾಕು. ಆದರೆ ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ, ಮನೆಯವರಿಗೆಲ್ಲ ಇದನ್ನು ಮೊದಲೇ ಹೇಳಿಡಬೇಕು.

ಪಡಸಾಲೆಯಲ್ಲಿ ಮಾಡಿಬಿಟ್ಟರೆ ಬೈದು ಫಲವಿಲ್ಲ. ಆಮೇಲೆ ಗದರಿದರೆ ಯಾವುದಕ್ಕೆಂದು ಮರಿಗೆ ತಿಳಿಯುವುದಿಲ್ಲ, ಸೋಫಾದ ಹಿಂದೆ ಕದ್ದು ಮಾಡಲು ಕಲಿಯುತ್ತದೆ. ಸುಮ್ಮನೆ ವಿನೆಗರ್ ಬೆರೆಸಿದ ನೀರಿನಿಂದ ಒರೆಸುತ್ತಿದ್ದೆ, ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಹೋಗುತ್ತದೆ. ಪಂಜ ನೆಕ್ಕುವ ಮರಿಯಿರುವ ಮನೆಯಲ್ಲಿ ಫಿನೈಲ್ ಬೇಡ.

ಕೂರುವುದನ್ನು ಕಲಿಸುವುದು ಸುಲಭ. ಚೂರನ್ನು ಮೂಗಿನ ಮೇಲಿಂದ ನಿಧಾನವಾಗಿ ಹಿಂದಕ್ಕೆ ಒಯ್ದರೆ ತಲೆ ಮೇಲೆದ್ದು ಹಿಂಭಾಗ ತಾನೇ ನೆಲಕ್ಕೆ ತಾಗುತ್ತದೆ. ಅತ್ತೆ ‘ಕೂಡು’ ಎನ್ನುತ್ತಿದ್ದರು, ಮಗಳು ‘ಬೈಠ್’. ಎಲ್ಲರೂ ‘ಕೂತ್ಕೋ’ ಎಂದೇ ಹೇಳಬೇಕೆಂದು ಗೊತ್ತುಮಾಡಿದೆವು. ಈ ಪಾಠ ಹೆಚ್ಚು ಉಪಯೋಗಕ್ಕೆ ಬಂದದ್ದು ಲಿಫ್ಟಿನ ಮುಂದೆ. ವಸತಿ ಸೊಸೈಟಿಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ, ನಿಜ. ಆದರೆ ಹೆದರಿ ಗೋಡೆಗೆ ಅಂಟಿ ನಿಂತ ಅಜ್ಜಿಗೆ ನಿಯಮ ಓದಿ ಹೇಳುವುದು ನನಗೆ ಸರಿಕಾಣದು. ಬಾಗಿಲು ತೆರೆಯುವ ಮೊದಲೇ ಕೆಂಚಿ ಕೂರುತ್ತಾಳೆ, ಒಳಗೆ ಯಾರಾದರೂ ಇದ್ದರೆ ನಾವು ಮುಂದಿನ ಸಲಕ್ಕೆ ಕಾಯುತ್ತೇವೆ.

ಪಾರ್ವೊ, ಡಿಸ್ಟೆಂಪರ್ ಎಂಬ ಸೋಂಕುರೋಗಗಳ ಲಸಿಕೆಗಳ ಸರಣಿ ಮುಗಿಯಲು ಮರಿಗೆ ಹೆಚ್ಚುಕಡಿಮೆ 16 ವಾರ ಆಗಬೇಕು. ಹೊಸದನ್ನು ಹೆದರದೆ ಒಪ್ಪಿಕೊಳ್ಳುವ ವಯಸ್ಸೋ 3ರಿಂದ 14 ವಾರ. ಲಸಿಕೆ ಮುಗಿಯಲೆಂದು ಮನೆಯೊಳಗೇ ಇಟ್ಟರೆ ಆ ವಯಸ್ಸು ಕಳೆದೇಹೋಗುತ್ತದೆ. ನೆಲಕ್ಕೆ ಬಿಡದೆ ಎತ್ತಿಕೊಂಡೇ ಸುತ್ತಿಸಿದೆ: ಸ್ಟೇಷನ್ ಹೊರಗಿನ ರಿಕ್ಷಾ ಸಾಲು, ತರಕಾರಿ ಗಾಡಿ, ಕೊಡೆ ಹಿಡಿದವರು, ಹೆಲ್ಮೆಟ್ ಹಾಕಿದವರು.

ಮುಂಬೈಯಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಗಣೇಶೋತ್ಸವದ ಢೋಲ್-ತಾಶಾ ವಾದ್ಯಗಳ ಅಬ್ಬರ. ಹಬ್ಬಕ್ಕೆ ಬಹಳ ಮೊದಲೇ ಮೊಬೈಲಿನಲ್ಲಿ ಅದರ ರೆಕಾರ್ಡಿಂಗನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಅದೇ ಹೊತ್ತಿಗೆ ಊಟ ಕೊಡುತ್ತಿದ್ದೆ. ತಟ್ಟೆಯಿಂದ ತಲೆ ಎತ್ತದೆ ಉಂಡರೆ ಮರುದಿನ ಸದ್ದು ಒಂದು ಗೆರೆ ಮೇಲೆ. ಕಿವಿ ಹಿಂದಕ್ಕೆ ಮಡಚಿದರೆ, ತುಟಿ ನೆಕ್ಕಿದರೆ, ನಿದ್ದೆಯಿಲ್ಲದೆ ಆಕಳಿಸಿದರೆ ಹೆದರಿಕೆ ಶುರುವಾಗಿದೆ ಎಂದರ್ಥ. ಎರಡು ಗೆರೆ ಕೆಳಗೆ ಇಳಿಸಬೇಕು. ಇಲ್ಲಿ ಅವಸರ ಮಾಡಿದರೆ ಕಲಿತದ್ದೂ ಹೋಗುತ್ತದೆ. ಅನಂತ ಚತುರ್ದಶಿಯ ಮೆರವಣಿಗೆ ನಮ್ಮ ಗೇಟಿನ ಮುಂದೆ ಹಾದಾಗ ಕೆಂಚಿ ಎದ್ದು ನಿಂತಳು, ನನ್ನ ಮುಖ ನೋಡಿದಳು, ಚೂರು ತಿಂದು ಮತ್ತೆ ಮಲಗಿದಳು. ಆ ಹೊತ್ತು ನನಗಾದ ಸಂತೋಷ ಹೇಳತೀರದು.

ದೀಪಾವಳಿಯ ಪಟಾಕಿಗೆ ಇಷ್ಟು ಸಾಲದು, ಅದು ಹೇಳದೆ ಕೇಳದೆ ಸಿಡಿಯುತ್ತದೆ. ಆ ದಿನಗಳಲ್ಲಿ ಕತ್ತಲಾಗುವ ಮೊದಲೇ ಅವಳನ್ನು ಹೊರಗೆ ಕರೆದೊಯ್ದು ಬಂದು, ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ ಪಕ್ಕದಲ್ಲೇ ಕೂರುತ್ತೇನೆ. ಆದರೂ ನಡುಗುವ ನಾಯಿಯಿದ್ದರೆ ಪಶುವೈದ್ಯರನ್ನು ಹಬ್ಬಕ್ಕೆ ಕೆಲವು ವಾರ ಮೊದಲೇ ಕಾಣುವುದು ಒಳ್ಳೆಯದು.